ಹನ್ನೊಂದು ಹತ್ತರ ಸಿಗರೇಟು

ಸಿಗರೇಟು ಬಿಟ್ಟ ಕಥೆಯನ್ನು ಜನ ಎದೆ ಉಬ್ಬಿಸಿಕೊಂಡು ಹೇಳುತ್ತಾರೆ. ನಾನೂ ಬಿಟ್ಟಿದ್ದೇನೆ, ಅಚ್ಚುಕಟ್ಟಾಗಿ ಬಿಟ್ಟಿದ್ದೇನೆ. ಆದರೆ ಆ ಮಾತು ಬಂದಾಗಲೆಲ್ಲ ಮುಖ ಎಲ್ಲಿಟ್ಟುಕೊಳ್ಳಬೇಕೋ ನನಗೆ ತಿಳಿಯುವುದಿಲ್ಲ. ಯಾಕೆಂದು ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ. ಬಾಯಿ ಹಾಕಿದರೆ ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದು ನನ್ನ ಸ್ವಭಾವ, ಕಷ್ಟ ನಿಮಗೇ.

ನಾನು ಕಟ್ಟು ಹಲ್ಲು ಮಾಡುವವನು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡುವುದು ಒಬ್ಬರ ಕೆಲಸ. ಆ ದವಡೆಗೆ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸುವುದು ನನ್ನ ಕೆಲಸ. ಹಲ್ಲಿನ ಬಣ್ಣದ ಪಟ್ಟಿಯಲ್ಲಿ ಹದಿನಾರು ಬಿಳಿಗಳಿವೆ. ಬೇರೆಯವರಿಗೆ ಅದರಲ್ಲಿ ನಾಲ್ಕೈದು ಕಂಡರೆ ಹೆಚ್ಚು. ನನಗೆ ಹದಿನಾರೂ ಕಾಣುತ್ತವೆ, ನಡುವೆ ಇನ್ನೂ ಎರಡು ಇರಬೇಕಿತ್ತು ಅನ್ನಿಸುತ್ತದೆ. ಆದರೆ ಎದುರಿಗೆ ನಿಂತ ಮನುಷ್ಯನಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಅಂತ ಕೇಳಿದರೆ, ದೇವರಾಣೆ, ಗೊತ್ತಾಗುವುದಿಲ್ಲ.

ಇದಕ್ಕೊಂದು ಹೆಸರಿದೆ ಎಂದು ತಿಳಿದದ್ದು ನನ್ನ ಮೂವತ್ತೆಂಟನೇ ವಯಸ್ಸಿನಲ್ಲಿ. ಆಸ್ಪರ್ಜರ್ ಎಂದರು ಡಾಕ್ಟರು. ನನ್ನ ಅಕ್ಕ, ನಾನು ಅವಳ ಮನೆಯ ಮಹಡಿಯ ಕೋಣೆಯಲ್ಲೇ ಇರುವುದು, ಅಲ್ಲೇ ಡಾಕ್ಟರ ಎದುರಿಗೇ ಅತ್ತುಬಿಟ್ಟಳು. "ಅಯ್ಯೋ, ಇಷ್ಟು ವರ್ಷ ನಿನಗೆ ಕೊಬ್ಬು ಅಂದ್ಕೊಂಡಿದ್ನಲ್ಲೋ!" ಎಂದಳು. ಕೊಬ್ಬು ಅಂದುಕೊಂಡಿದ್ದರೂ ನನ್ನನ್ನು ತಿದ್ದಿದವಳು ಅವಳೇ. ಚಿಕ್ಕಂದಿನಿಂದ ನನಗೆ ನಿಯಮಗಳನ್ನು ಹೇಳಿಕೊಟ್ಟಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಾರಾದರೂ ಹೊಸ ಬಟ್ಟೆ ಹಾಕಿದ್ದರೆ ಚೆನ್ನಾಗಿದೆ ಅನ್ನಬೇಕು, ಚೆನ್ನಾಗಿಲ್ಲದಿದ್ದರೂ. ಸತ್ತವರ ಮನೆಗೆ ಹೋದರೆ ಎಷ್ಟು ಹೊತ್ತಿಗೆ ಸತ್ತರು, ಹೇಗೆ ಸತ್ತರು ಅಂತ ಕೂಲಂಕಷವಾಗಿ ವಿಚಾರಿಸಬಾರದು. ಇಪ್ಪತ್ತೇಳನೆಯ ನಿಯಮ ಇದು: ಏನನ್ನಾದರೂ ಕೊಡುವಾಗ ಎದುರಿಗಿರುವವರು ಬೇಡ ಅಂದರೆ ಅಲ್ಲಿಗೇ ಬಿಡಬಾರದು. ಜನ ಸಂಕೋಚಕ್ಕೆ ಬೇಡ ಅನ್ನುತ್ತಾರೆ. ಮೂರು ಸಲ ಕೇಳಬೇಕು. ಮೂರನೇ ಸಲಕ್ಕೂ ಬೇಡ ಅಂದರೆ ಮಾತ್ರ ಅದು ಬೇಡ.

ಇನ್ನು ಸಿಗರೇಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೊಂದು ವಿಷಯ ಗೊತ್ತಾಯಿತು. ಸುಮ್ಮನೆ ನಿಂತವನನ್ನು ಜನ "ಯಾಕೆ ಹಾಗೆ ನಿಂತಿದ್ದೀಯ, ಏನಾಯ್ತು?" ಎಂದು ತಲೆ ತಿನ್ನುತ್ತಾರೆ. ಸಿಗರೇಟು ಹಿಡಿದು ಸುಮ್ಮನೆ ನಿಂತವನನ್ನು ಯಾರೂ ಏನೂ ಕೇಳುವುದಿಲ್ಲ. ಏಳು ನಿಮಿಷ ಗೋಡೆ ನೋಡುತ್ತ ನಿಲ್ಲುವುದಕ್ಕೆ ಲೋಕ ಕೊಟ್ಟ ಪರವಾನಗಿ ಅದು. ಒಳಗೆ ಅಚ್ಚು ಉಜ್ಜುವ ಯಂತ್ರದ ಕಿರುಚಾಟ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಎಲ್ಲರ ಮಾತೂ ಒಟ್ಟಿಗೇ ಕಿವಿಗೆ ನುಗ್ಗುವುದು. ಹೊರಗೆ ಹಿಂಬಾಗಿಲ ಮೆಟ್ಟಿಲು, ಒಂದು ಸಿಗರೇಟು, ನೆಮ್ಮದಿ. ನಂತರ ಡಾಕ್ಟರ ಕ್ಲಿನಿಕ್ಕಿನಲ್ಲಿ ನಮ್ಮಂಥವರ ತಿಂಗಳ ಕೂಟಕ್ಕೆ ಹೋಗತೊಡಗಿದ ಮೇಲೆ ನೋಡುತ್ತೇನೆ, ಎಂಟು ಜನರಲ್ಲಿ ಐದು ಜನ ಸೇದುವವರು. ಯಾಕೆ ಸೇದುತ್ತೀರಿ ಎಂದು ಚೀಟಿಯಲ್ಲಿ ಬರೆಯಲು ಹೇಳಿದರು. ಐವರೂ ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದೆವು: ಹೊರಗೆ ಹೋಗಲು ಒಂದು ಕಾರಣ ಬೇಕು.

ಮೆಟ್ಟಿಲ ಮೇಲೆ ನನ್ನ ಜೊತೆ ನಿಲ್ಲುತ್ತಿದ್ದವರು ಪ್ಲಾಸ್ಟರ್ ಕೆಲಸದವರು. ನನಗಿಂತ ಎಂಟು ವರ್ಷ ದೊಡ್ಡವರು. ತಲೆಗೂದಲಿನಿಂದ ಚಪ್ಪಲಿಯವರೆಗೆ ಬಿಳಿ ಪುಡಿ ಮೆತ್ತಿಕೊಂಡಿರುತ್ತಿದ್ದರಿಂದ ಲ್ಯಾಬಿನಲ್ಲಿ ಎಲ್ಲರಿಗೂ ಅವರು ಸುಣ್ಣಪ್ಪ. ನನ್ನನ್ನು ಗಡಿಯಾರ ಎಂದು ಕರೆದವರು ಅವರೇ. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಾನು ಎದ್ದು ಹೊರಟರೆ, "ಗಡಿಯಾರ ಹೊಡೀತು, ನಡೀರಿ" ಎಂದು ಕೈ ಒರೆಸಿಕೊಂಡು ಹಿಂದೆಯೇ ಬರುತ್ತಿದ್ದರು. ನನ್ನ ಆಸ್ಪರ್ಜರ್ ವಿಷಯ ಹೇಳಿದಾಗ ಒಂದು ದಮ್ಮು ಎಳೆದು, "ಅಷ್ಟೇನಾ? ನಂಗೆ ಮಂಡಿನೋವು ಕಣೋ" ಎಂದರು. ಆ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ಮಧ್ಯಾಹ್ನ ಎರಡು ಹಲ್ಲು ಅದಲುಬದಲು ಕೂರಿಸಿದೆ. ನನ್ನ ನೋಟ್‌ಬುಕ್ಕಿನ ವಿಷಯ ಅಕ್ಕನನ್ನು ಬಿಟ್ಟರೆ ಗೊತ್ತಿದ್ದದ್ದು ಅವರೊಬ್ಬರಿಗೇ. ಒಂದೊಂದು ನಿಯಮ ಓದಿಸಿ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನಿಂದ ನನಗೆ ನೋವಾಗುತ್ತಿರಲಿಲ್ಲ. ಗೆಳೆಯ ಅನ್ನಬಹುದಾದ ಮನುಷ್ಯ ನನಗೆ ಅವರೊಬ್ಬರೇ.

ಒಂದು ದಿನ ಅವರು ಮೆಟ್ಟಿಲಿಗೆ ಬಂದು ಕೈ ಕಟ್ಟಿಕೊಂಡು ನಿಂತರು. "ಬಿಟ್ಟೆ ಕಣೋ. ಡಾಕ್ಟ್ರು ಬೇಡ ಅಂದಿದ್ದಾರೆ" ಎಂದರು. ಕಾಲಿನ ಬೆರಳು ಜೋಮು ಹಿಡಿಯುತ್ತಿದೆ ಅಂತಲೂ ಹೇಳಿದರು. ನಾನು ಪ್ಯಾಕೆಟ್ ತೆಗೆದು ಎಂದಿನಂತೆ ಮೊದಲು ಅವರ ಮುಂದೆ ಚಾಚಿದೆ.

"ಬೇಡ" ಎಂದರು.

"ತಗೊಳ್ಳಿ ಅಣ್ಣಾ."

"ಬೇಡಪ್ಪಾ, ಈಗ ತಾನೆ ಹೇಳಿದ್ನಲ್ಲ."

"ಇರಲಿ ಅಣ್ಣಾ, ಒಂದು ತಗೊಳ್ಳಿ."

ಅವರು ನನ್ನ ಮುಖ ನೋಡಿದರು, ಪ್ಯಾಕೆಟ್ ನೋಡಿದರು, ನಕ್ಕರು, ತೆಗೆದುಕೊಂಡರು. ನೋಡಿ, ಸಂಕೋಚವೇ ಇತ್ತು, ಅಕ್ಕ ಹೇಳಿದ್ದು ನಿಜ ಎಂದು ನನಗೆ ಅನ್ನಿಸಿತು. ಅನ್ನಿಸಿತು ಏನು, ಹೆಮ್ಮೆಯೇ ಆಯಿತು. ಅಲ್ಲಿಂದ ಮುಂದೆ ಅವರು ಪ್ಯಾಕೆಟ್ ಕೊಳ್ಳುವುದನ್ನೇ ಬಿಟ್ಟರು. ದಿನಾ ಹನ್ನೊಂದು ಹತ್ತಕ್ಕೆ ಬರುವುದು, ಎರಡು ಸಲ ಬೇಡ ಅನ್ನುವುದು, ಮೂರನೇ ಸಲ ತೆಗೆದುಕೊಳ್ಳುವುದು. ಏಳು ತಿಂಗಳು. ರಜಾದಿನಗಳನ್ನು ಬಿಟ್ಟು ಆಮೇಲೆ ಎಣಿಸಿ ನೋಡಿದೆ, ನೂರ ಎಪ್ಪತ್ತಾರು ಸಿಗರೇಟು. ಒಂದು ದಿನವೂ ನನ್ನ ತಲೆಗೆ ಹೊಳೆಯಲಿಲ್ಲ, ಈ ಮನುಷ್ಯ ಬೇಡ ಅನ್ನುತ್ತಿರುವುದು ಬೇಡವಾಗಿದ್ದರಿಂದ ಎಂದು. ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೆ ಒಂದು ಸೋಮವಾರ ಅವರು ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಗೆ ಸೇರಿದ್ದಾರೆ, ಕಾಲಿಗೇನೋ ಆಗಿದೆ ಎಂದು ಲ್ಯಾಬಿನ ಯಜಮಾನರು ಹೇಳಿದರು. ಹನ್ನೊಂದು ಹತ್ತಕ್ಕೆ ನಾನೊಬ್ಬನೇ ಹೋಗಿ ನಿಂತೆ. ಪ್ಯಾಕೆಟ್ ತೆಗೆದು ಪಕ್ಕಕ್ಕೆ ಚಾಚಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ.

ತಿಂಗಳ ಒಂದನೇ ತಾರೀಖು ಅವರ ಹೆಂಡತಿ ಲ್ಯಾಬಿಗೆ ಬಂದರು. ಅತ್ತಿಗೆಯನ್ನು ನಾನು ಅದಕ್ಕೆ ಮುಂಚೆ ಎರಡು ಸಲ ನೋಡಿದ್ದೆ ಅಷ್ಟೇ. ಗಂಡ ಮೇಜಿನಲ್ಲಿ ಬಿಟ್ಟುಹೋಗಿದ್ದ ಕನ್ನಡಕ ತೆಗೆದುಕೊಂಡು ಹೋಗಲು ಬಂದಿದ್ದರು. ಎಡಗಾಲಿನ ಎರಡು ಬೆರಳು ತೆಗೆದರು ಎಂದರು. ರಕ್ತನಾಳ ಮುಚ್ಚಿಕೊಳ್ಳುವ ಕಾಯಿಲೆಯಂತೆ, ಸಿಗರೇಟಿನಿಂದಲೇ ಬರುವುದಂತೆ. ದಿನಕ್ಕೆ ಒಂದು ಸೇದಿದರೂ ಸಾಕು, ಬೆರಳು ಹೋದ ಮೇಲೆ ಪಾದ, ಪಾದ ಹೋದ ಮೇಲೆ ಕಾಲು. ಯಜಮಾನರು ಪಾಪ ಒಳ್ಳೆಯವರು, "ಕೂತ್ಕೊಂಡು ಮಾಡೋ ಹಾಗೆ ಸ್ಟೂಲ್ ಹಾಕಿಸ್ತೀನಮ್ಮ, ಈ ತಿಂಗಳು ಪೂರ್ತಿ ಕಾಯ್ತೀನಿ. ಅದಕ್ಕಿಂತ ಜಾಸ್ತಿ ಕೈಲಾಗಲ್ಲ, ಅಚ್ಚು ರಾಶಿ ಬೀಳ್ತಿದೆ" ಎಂದರು.

"ಮೂರು ವಾರಕ್ಕೆ ಬರಬಹುದು ಅಂತ ಡಾಕ್ಟ್ರೇ ಹೇಳಿದ್ದಾರೆ" ಎಂದರು ಅತ್ತಿಗೆ. "ಆದ್ರೆ ನಾನು ಕಳಿಸಲ್ಲ ಸರ್. ಇಲ್ಲಿ ಯಾರೋ ಒಬ್ಬ ದಿನಾ ಇವರ ಕೈಗೆ ಸಿಗರೇಟು ತುರುಕ್ತಾನಂತೆ. ಬೇಡ ಅಂದ್ರೂ ಬಿಡಲ್ವಂತೆ. ಹೆಸರು ಕೇಳಿದ್ರೆ ಇವರು ಬಾಯಿಗೆ ಬೀಗ ಹಾಕ್ಕೊಂಡಿದ್ದಾರೆ. ಏಳು ತಿಂಗಳು ಬಿಟ್ಟೆ ಬಿಟ್ಟೆ ಅಂತ ನಂಗೆ ಸುಳ್ಳು ಹೇಳ್ಕೊಂಡು ಸೇದಿದ್ದಾರೆ, ಇವರ ಮಾತು ನಾನು ನಂಬಲ್ಲ. ಆ ಮನುಷ್ಯ ನನ್ನ ಮುಂದೆ ಬಂದು ನಿಂತು, ಇನ್ಮೇಲೆ ಕೊಡಲ್ಲ ಅಂತ ಹೇಳ್ಬೇಕು. ಆಗ ಕಳಿಸ್ತೀನಿ."

ಯಜಮಾನರು ಸೇದುವವರಲ್ಲ, ಹಿಂಬಾಗಿಲ ಕಡೆ ತಲೆ ಹಾಕುವವರೂ ಅಲ್ಲ. ತಮಗೆ ಗೊತ್ತಿಲ್ಲ ಎಂದರು, ಫೋನು ಬಂತೆಂದು ಒಳಗೆ ಹೋದರು. ಅತ್ತಿಗೆ ನನ್ನ ಮೇಜಿನ ಹತ್ತಿರ ಬಂದರು. ನಾನು ಕೆಳದವಡೆಯೊಂದಕ್ಕೆ ಮುಂದಿನ ಹಲ್ಲು ಕೂರಿಸುತ್ತಿದ್ದೆ.

"ನೀವು ಇವರ ಸ್ನೇಹಿತರಲ್ವಾ? ಮನೇಲಿ ನಿಮ್ಮ ಮಾತು ಆಡ್ತಾನೇ ಇರ್ತಾರೆ. ನೀವಾದ್ರೂ ಹೇಳಿ. ಯಾರು ಅವನು?"

ಆ ಕ್ಷಣದಲ್ಲೇ ನನಗೆ ಎಲ್ಲವೂ ಅರ್ಥವಾದದ್ದು. ಅಲ್ಲಿಯವರೆಗೂ ಆಗಿರಲಿಲ್ಲ, ಕಾಲಿನ ಸುದ್ದಿ ಕೇಳಿದಾಗಲೂ ಆಗಿರಲಿಲ್ಲ. ಇಷ್ಟು ದಡ್ಡನೂ ಇರುತ್ತಾನೆಯೇ ಎಂದು ನೀವು ಕೇಳಬಹುದು. ಇರುತ್ತಾನೆ, ಇಲ್ಲೇ ಇದ್ದೇನೆ.

ನಾನು ಸುಳ್ಳು ಹೇಳುವವನಲ್ಲ. ಒಳ್ಳೆಯತನದಿಂದಲ್ಲ, ಬರುವುದಿಲ್ಲ ಅಷ್ಟೇ. ನಾಲಿಗೆ ತೊಡರುತ್ತದೆ. ಆದರೆ ಅವತ್ತು ಎಳ್ಳಷ್ಟೂ ತೊಡರಲಿಲ್ಲ. ಹಲ್ಲಿನಿಂದ ಕಣ್ಣೆತ್ತದೆ, "ಗೊತ್ತಿಲ್ಲ ಅತ್ತಿಗೆ" ಎಂದೆ. ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದರು.

ಮರುದಿನದಿಂದ ಸಿಗರೇಟು ಬಿಟ್ಟೆ. ನನ್ನ ಲೆಕ್ಕಾಚಾರ ಹೀಗಿತ್ತು. ಬರಿಗೈಯಲ್ಲಿ ಹೋಗಿ ನಾನೇ ಅವನು ಅಂದರೆ, ಇನ್ನು ಕೊಡಲ್ಲ ಅಂದರೆ, ಅತ್ತಿಗೆ ಯಾಕೆ ನಂಬಬೇಕು? ಜೇಬಿನಲ್ಲಿ ಪ್ಯಾಕೆಟ್ ಇರುವವನ ಮಾತಿಗೆ ಏನು ಬೆಲೆ? ಮೊದಲು ನಾನು ಪೂರ್ತಿ ಬಿಡಬೇಕು. ಕ್ಲಿನಿಕ್ಕಿನ ಕರಪತ್ರದಲ್ಲಿ ಬರೆದಿತ್ತು: ಮೂವತ್ತು ದಿನ ಒಂದೂ ಸೇದದಿದ್ದರೆ ಬಿಟ್ಟ ಹಾಗೆ. ನಡುವೆ ಒಂದು ದಮ್ಮು ಎಳೆದರೂ ಮತ್ತೆ ಒಂದರಿಂದ ಎಣಿಸಿ. ಆ ತಿಂಗಳಿಗೆ ಮೂವತ್ತೊಂದು ದಿನ. ಎರಡನೇ ತಾರೀಖಿನಿಂದ ಎಣಿಸಿದರೆ ಮೂವತ್ತೊಂದಕ್ಕೆ ಸರಿಯಾಗಿ ಮೂವತ್ತು. ಅವತ್ತು ಸಂಜೆ ಹೋಗಿ ಹೇಳಿದರೆ ಒಂದನೇ ತಾರೀಖು ಸುಣ್ಣಪ್ಪ ಸ್ಟೂಲಿನ ಮೇಲೆ ಕೂತು ಪ್ಲಾಸ್ಟರ್ ಕಲಸುತ್ತಿರುತ್ತಾರೆ. ಲೆಕ್ಕ ಇಷ್ಟು ಚೆನ್ನಾಗಿ ಕೂತದ್ದನ್ನು ಕಂಡು ನನಗೆ ಸಮಾಧಾನವಾಯಿತು.

ಬಿಡುವುದು ಹೇಗಿತ್ತೆಂದು ಕೇಳಬೇಡಿ. ಕೇಳಿದ್ದೀರಿ ಅಂತಲೇ ಇಟ್ಟುಕೊಂಡು ಹೇಳುತ್ತೇನೆ. ನಿಕೋಟಿನ್ ಪಟ್ಟಿ ತೋಳಿಗೆ ಅಂಟಿಸಿದರೆ ಅದರ ಅಂಚು ಚರ್ಮಕ್ಕೆ ತಾಗುವುದು ಬಿಟ್ಟು ಬೇರೇನೂ ತಲೆಗೆ ಬರುತ್ತಿರಲಿಲ್ಲ, ಅರ್ಧ ಗಂಟೆಯಲ್ಲಿ ಕಿತ್ತೆಸೆದೆ. ಮೂರನೇ ದಿನಕ್ಕೆ ಮೂಗು ಚುರುಕಾಯಿತು. ಮೇಣದ ವಾಸನೆ, ಕೃತಕ ಒಸಡು ಮಾಡುವ ರಾಸಾಯನಿಕದ ವಾಸನೆ, ಪಕ್ಕದ ಮೇಜಿನವರ ತಲೆಗೆಣ್ಣೆಯ ವಾಸನೆ, ಒಂದೊಂದೂ ಮುಖಕ್ಕೆ ಹೊಡೆದ ಹಾಗೆ ಬರುತ್ತಿತ್ತು. ಎಲ್ಲಕ್ಕಿಂತ ಕಷ್ಟ ಹನ್ನೊಂದು ಹತ್ತು. ಕಾಲು ತಾನಾಗಿ ಎದ್ದು ಹಿಂಬಾಗಿಲಿಗೆ ಹೋಗುತ್ತಿತ್ತು. ಅಲ್ಲಿ ಬರಿಗೈಯಲ್ಲಿ ನಿಂತರೆ ಹೋಗಿಬರುವವರೆಲ್ಲ ನೋಡುತ್ತಿದ್ದರು. ಕೊರಿಯರಿನವನು ಒಂದು ದಿನ, "ಏನ್ಸಾರ್, ಕೀ ಕಳ್ಕೊಂಡ್ರಾ?" ಎಂದು ಕೇಳಿದ. ಆಮೇಲೆ ಒಂದು ಮೇಣದ ಕಡ್ಡಿಯನ್ನು ಬೆರಳ ನಡುವೆ ಹಿಡಿದು ನಿಲ್ಲತೊಡಗಿದೆ. ನಗಬೇಡಿ. ಅದೂ ಸ್ವಲ್ಪ ಕೆಲಸ ಮಾಡಿತು.

ಒಂಬತ್ತನೇ ದಿನ ಎಲ್ಲ ಕೆಟ್ಟಿತು. ಪ್ಲಾಸ್ಟರ್ ಕೆಲಸ ನಾವೇ ಹಂಚಿಕೊಂಡು ಮಾಡುತ್ತಿದ್ದೆವು, ಹಾಗಾಗಿ ಎಲ್ಲ ಕೆಲಸವೂ ಹಿಂದೆ ಬಿದ್ದಿತ್ತು. ಯಂತ್ರ ಬೆಳಗಿನಿಂದ ನಿಂತಿರಲಿಲ್ಲ. ಒಬ್ಬ ದಂತವೈದ್ಯರ ಸಹಾಯಕಿ ಬಂದು, ಬಣ್ಣ ತಪ್ಪಾಗಿದೆ ಎಂದು ನನ್ನ ತಲೆಯ ಮೇಲೇ ನಿಂತು ಕೂಗಾಡಿದಳು. ಬಣ್ಣ ತಪ್ಪಾಗಿರಲಿಲ್ಲ. ಅವಳು ಪಟ್ಟಿಯನ್ನು ಕಿಟಕಿಯ ಬೆಳಕಿನಲ್ಲಿ ಹಿಡಿಯದೆ ಟ್ಯೂಬ್‌ಲೈಟಿನ ಕೆಳಗೆ ಹಿಡಿದಿದ್ದಳು. ಅದನ್ನು ಹೇಳಲು ನನಗೆ ಬಾಯಿಯೇ ಬರಲಿಲ್ಲ. ಎದ್ದು ಹಿಂಬಾಗಿಲಿಗೆ ಓಡಿದೆ. ಕೊರಿಯರಿನವನು ಸೇದುತ್ತಿದ್ದ. ಅವನ ಕೈಯಿಂದ ಸಿಗರೇಟು ಕಿತ್ತುಕೊಂಡು ಎರಡು ದಮ್ಮು ಎಳೆದೆ. ಕೇಳಲೂ ಇಲ್ಲ, ಕಿತ್ತುಕೊಂಡೆ. ಅವನು ಕಣ್ಣು ಕಣ್ಣು ಬಿಟ್ಟ.

ಅವತ್ತು ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ನೂರ ಎಪ್ಪತ್ತಾರು ಎಂದಾಗ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಲೋ! ಊಟಕ್ಕೆ, ಕಾಫಿಗೆ ಹೇಳಿದ್ದು ಕಣೋ ನಾನು ಅದನ್ನ! ಮನೆಗೆ ಬಂದೋರಿಗೆ ಕೇಳೋದು ಅದು! ಡಾಕ್ಟ್ರು ಬೇಡ ಅಂದಿದ್ದಾರೆ ಅಂತ ಅವರು ಬಾಯಿಬಿಟ್ಟು ಹೇಳಿದ ಮೇಲೂ..."

"ನಿಯಮದಲ್ಲಿ ಹಾಗೆ ಬರೆದಿರಲಿಲ್ಲ ಅಕ್ಕಾ."

ಅವಳು ಕೂತುಬಿಟ್ಟಳು. ನನಗೆ ಬೈಯುತ್ತಾಳೆ ಅಂದುಕೊಂಡೆ. "ನಂದೇ ತಪ್ಪು" ಎಂದಳು. ಬೈದಿದ್ದರೇ ವಾಸಿಯಿತ್ತು. ಆಮೇಲೆ ಮೂಗು ಒರೆಸಿಕೊಂಡು, "ಈಗಲೇ ಹೋಗು. ನಾನೂ ಬರ್ತೀನಿ, ನಡಿ. ಹೋಗಿ ಹೇಳಿಬಿಡೋಣ. ಅವರ ಕೆಲಸ ಉಳಿಯತ್ತೆ" ಎಂದಳು.

"ಇವತ್ತು ಸೇದಿದ್ದೀನಲ್ಲ. ಮತ್ತೆ ಒಂದರಿಂದ ಎಣಿಸಬೇಕು. ಮೂವತ್ತು ಆಗದೆ ಹೋಗೋ ಹಾಗಿಲ್ಲ."

"ಮೂವತ್ತು ಆಗೋದು ಯಾವಾಗ?"

"ಮುಂದಿನ ತಿಂಗಳು ಒಂಬತ್ತಕ್ಕೆ."

"ನಿಮ್ಮ ಲ್ಯಾಬಿನ ಯಜಮಾನ್ರು ಕಾಯೋದು ಎಲ್ಲಿವರೆಗೆ?"

"ಈ ತಿಂಗಳ ಕೊನೆವರೆಗೆ."

ಅಕ್ಕ ನನ್ನನ್ನು ನೋಡಿದಳು. "ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ" ಎಂದಳು. ಆಮೇಲೂ ದಿನಾ ಹೇಳಿದಳು. ಬೆಳಿಗ್ಗೆ ಹೇಳಿದಳು, ಸಂಜೆ ಹೇಳಿದಳು, ಕೊನೆಗೆ ತಾನೇ ಹೋಗಿ ಹೇಳುತ್ತೇನೆಂದು ಚಪ್ಪಲಿ ಮೆಟ್ಟಿದಳು. ಆ ಮನುಷ್ಯನೇ ಬಂದು ಹೇಳಬೇಕೆಂದು ಅತ್ತಿಗೆ ಹೇಳಿದ್ದಾರೆ, ನೀನು ಹೋದರೆ ಅದು ಲೆಕ್ಕಕ್ಕಿಲ್ಲ ಎಂದು ತಡೆದೆ. ಮಾತಿಗೆ ಮಾತು ಸರಿಯಾಗಿಯೇ ಇತ್ತು. ನನ್ನ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಹೇಳದಿದ್ದರೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ಆ ನೂರ ಎಪ್ಪತ್ತಾರು ಸಿಗರೇಟನ್ನು ನಾನು ಕೊಟ್ಟದ್ದು ನನ್ನ ತಲೆ ಕೆಲಸ ಮಾಡುವ ರೀತಿಯಿಂದ. ಅದಕ್ಕೆ ಡಾಕ್ಟರು ಹೆಸರು ಕೊಟ್ಟಿದ್ದಾರೆ, ಬೇಕಾದರೆ ಚೀಟಿ ಬರೆದು ಕೊಡುತ್ತಾರೆ. ಆದರೆ ಆ ತಿಂಗಳು ನಾನು ಹೋಗದೆ ಕೂತದ್ದಕ್ಕೆ ಆ ಹೆಸರು ಹಚ್ಚಲಾರೆ. ನಿಯಮ ಎಂದೆ, ಮೂವತ್ತು ಎಂದೆ. ನಿಯಮವೂ ಅಲ್ಲ, ಮಣ್ಣೂ ಅಲ್ಲ. ಅತ್ತಿಗೆಯ ಎದುರು ನಿಂತು ಆ ಮಾತು ಆಡಲು ನನಗೆ ಹೆದರಿಕೆಯಾಗಿತ್ತು. ಎರಡು ದಮ್ಮು ಎಳೆದ ಆ ಮಧ್ಯಾಹ್ನ, ಹೊಗೆ ಬಿಡುವಾಗಲೇ, ಇನ್ನೂ ಒಂದು ತಿಂಗಳು ಹೇಳುವ ಹಾಗಿಲ್ಲವಲ್ಲ ಎಂದು ಒಳಗೊಳಗೇ ನಿರಾಳವಾಗಿತ್ತು. ಅದನ್ನು ನೆನೆದರೆ ಈಗಲೂ ಎಲ್ಲರ ಜೊತೆ ಕೂತಿದ್ದವನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತೇನೆ. ಎಲ್ಲರ ಹಾಗೆ ಪುಕ್ಕಲನಾಗುವುದಕ್ಕೆ ನನಗೆ ಯಾವ ನೋಟ್‌ಬುಕ್ಕೂ ಬೇಕಾಗಲಿಲ್ಲ.

ಮೂವತ್ತೊಂದನೇ ತಾರೀಖು ಬಂತು. ಹೊಸ ಲೆಕ್ಕದಲ್ಲಿ ಅದು ಇಪ್ಪತ್ತೊಂದನೇ ದಿನ. ಸಂಜೆ ಲ್ಯಾಬು ಮುಚ್ಚುವ ಹೊತ್ತಿಗೆ ಯಜಮಾನರು ನನ್ನ ಮೇಜಿನ ಹತ್ತಿರ ಬಂದರು.

"ಸುಣ್ಣಪ್ಪನ ಕಡೆಯಿಂದ ಏನಾದ್ರೂ ಸುದ್ದಿ ಬಂತೇನಯ್ಯಾ?"

"ಇಲ್ಲ ಸರ್."

"ಆ ಹೆಂಗಸಿನದೂ ಹಟ ಜಾಸ್ತಿ ಆಯ್ತು. ಆದ್ರೆ ಅವಳ ಜಾಗದಲ್ಲಿ ನಾನಿದ್ರೂ ಅಷ್ಟೇ ಮಾಡ್ತಿದ್ದೆ. ಏನ್ ಮಾಡೋದು, ಹೊಟ್ಟೆಪಾಡು" ಎಂದು ಅಲ್ಲೇ ನಿಂತು ಯಾರಿಗೋ ಫೋನು ಮಾಡಿ ನಾಳೆಯಿಂದ ಬನ್ನಿ ಎಂದರು. ಅವರು ಫೋನು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಬರ್ನರ್ ಆರಿಸಿದೆ, ಮೇಣದ ಚೂರುಗಳನ್ನು ಗುಡಿಸಿದೆ, ಮನೆಗೆ ಹೋದೆ. ಮರುದಿನ ಸುಣ್ಣಪ್ಪನ ಜಾಗದಲ್ಲಿ ಒಬ್ಬ ಹೆಂಗಸು ನಿಂತು ಪ್ಲಾಸ್ಟರ್ ಕಲಸುತ್ತಿದ್ದಳು. ಒಳ್ಳೆಯ ಕೆಲಸದವಳು, ಅಚ್ಚಿನಲ್ಲಿ ಒಂದು ಗಾಳಿಗುಳ್ಳೆಯನ್ನೂ ಬಿಡುತ್ತಿರಲಿಲ್ಲ.

ನಂಬುತ್ತೀರೋ ಬಿಡುತ್ತೀರೋ, ಆಮೇಲೂ ನಾನು ಎಣಿಸುವುದನ್ನು ನಿಲ್ಲಿಸಲಿಲ್ಲ. ಒಂಬತ್ತನೇ ತಾರೀಖು, ಮೂವತ್ತನೇ ದಿನ, ಲ್ಯಾಬಿನಿಂದ ನೇರವಾಗಿ ಬಸ್ಸು ಹತ್ತಿದೆ. ಅವರ ಮನೆಗೆ ನಾನು ಯಾವತ್ತೂ ಹೋಗಿರಲಿಲ್ಲ, ವಿಳಾಸವನ್ನು ಯಜಮಾನರ ಪುಸ್ತಕದಿಂದ ಬರೆದುಕೊಂಡಿದ್ದೆ. ಉದ್ದ ಕಟ್ಟಡ, ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ಎಣಿಸಿದೆ, ನಲವತ್ತೆಂಟು. ಎರಡು ಬೆರಳಿಲ್ಲದ ಪಾದದಲ್ಲಿ ನಲವತ್ತೆಂಟು ಮೆಟ್ಟಿಲು.

ಬಾಗಿಲು ತೆರೆದದ್ದು ಅತ್ತಿಗೆ. ಚೆನ್ನಾಗಿದ್ದೀರಾ ಎಂದು ಕೇಳುವುದನ್ನೂ ಮರೆತೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಅತ್ತಿಗೆ, ಅಣ್ಣನಿಗೆ ದಿನಾ ಸಿಗರೇಟು ಕೊಟ್ಟೋನು ನಾನು. ಬೇಡ ಅಂದ್ರೂ ಮೂರು ಸಲ ಕೇಳಿ ಕೊಡ್ತಿದ್ದೆ. ಅವತ್ತು ನೀವು ಕೇಳಿದಾಗ ಗೊತ್ತಿಲ್ಲ ಅಂದೆ, ಅದು ಸುಳ್ಳು. ನಾನೂ ಬಿಟ್ಟಿದ್ದೀನಿ. ಇನ್ಮೇಲೆ ಕೊಡಲ್ಲ."

ಅವರ ಹಿಂದೆ ಸಣ್ಣ ಕೋಣೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಸುಣ್ಣಪ್ಪ ಕೂತಿದ್ದರು. ಕಾಲನ್ನು ಒಂದು ಡಬ್ಬದ ಮೇಲೆ ದಿಂಬಿಟ್ಟು ಚಾಚಿದ್ದರು. ಮೈಮೇಲೆ ಬಿಳಿ ಪುಡಿ ಇಲ್ಲದ ಅವರನ್ನು ನಾನು ನೋಡಿದ್ದು ಅದೇ ಮೊದಲು. ಕೂದಲು ಪೂರ್ತಿ ಕಪ್ಪಾಗಿತ್ತು.

"ಅವನ್ದೇನೂ ತಪ್ಪಿಲ್ಲ ಕಣೇ" ಎಂದರು ಅವರು ಅಲ್ಲಿಂದಲೇ. ಧ್ವನಿ ಸಣ್ಣಗಿತ್ತು. "ಮೂರು ಸಲ ಕೇಳ್ತಾನೆ ಅಂತ ನಂಗೆ ಮೊದಲೇ ಗೊತ್ತಿತ್ತು. ಅವನೇ ಓದಿ ಹೇಳಿದ್ದ. ಗೊತ್ತಿದ್ದೇ ನಾನು ಎರಡು ಸಲ ಬೇಡ ಅಂತಿದ್ದೆ. ಒಂದು ದಿನಾನಾದ್ರೂ ಮೂರನೇ ಸಲ ಬೇಡ ಅಂದಿದ್ರೆ ಅವನು ಪ್ಯಾಕೆಟ್ ಒಳಗಿಡ್ತಿದ್ದ. ನಾನೇ ಅನ್ನಲಿಲ್ಲ. ಹೆಸರು ಹೇಳಿದ್ರೆ ನೀನು ಲ್ಯಾಬಲ್ಲಿ ನಾಲ್ಕು ಜನರ ಮುಂದೆ ಇವನ ಮಾನ ತೆಗೀತಿದ್ದೆ, ಅದಕ್ಕೆ ಸುಮ್ನಿದ್ದೆ. ಅದೂ ಅಲ್ಲ ಅನ್ನು. ಹೇಳಿದ್ರೆ ನನ್ನ ಬಣ್ಣಾನೂ ಬಯಲಾಗ್ತಿತ್ತು."

ಅವರು ಹೇಳಿದ್ದು ನಿಜವೆಂದು ಕೂಡಲೇ ತಿಳಿಯಿತು, ನೋವೂ ಆಯಿತು. ಏಳು ತಿಂಗಳು ನನ್ನ ದಡ್ಡತನವನ್ನು ಈ ಮನುಷ್ಯ ತನ್ನ ಜೇಬಿನ ಸಿಗರೇಟಿನ ಹಾಗೆ ಬಳಸಿಕೊಂಡಿದ್ದ. ಆದರೂ, ಮುಚ್ಚಿಡುವುದೇನು, ನೋವಿನ ಹಿಂದೆಯೇ ಸ್ವಲ್ಪ ಹಗುರವೂ ಆಯಿತು. ಹಾಗಾದರೆ ಎಲ್ಲವೂ ನನ್ನದಲ್ಲ ಎಂದುಕೊಂಡೆ.

"ನೀವು ಸುಮ್ನಿರಿ. ನಿಮ್ಮದು ಆಮೇಲೆ ವಿಚಾರಿಸ್ಕೋತೀನಿ" ಎಂದರು ಅತ್ತಿಗೆ ಗಂಡನಿಗೆ. ನನ್ನ ಕಡೆ ತಿರುಗಿದರು. "ನೀವು ಬಿಟ್ಟು ಎಷ್ಟು ದಿನ ಆಯ್ತು?"

"ಮೂವತ್ತು ದಿನ ಅತ್ತಿಗೆ. ಇವತ್ತಿಗೆ ಸರಿಯಾಗಿ."

"ಒಳ್ಳೇದಾಯ್ತು ಬಿಡಿ" ಎಂದರು. ಆಮೇಲೆ ಏನೋ ಹೊಳೆದವರ ಹಾಗೆ ನಿಂತರು. "ಅಂದ್ರೆ ಮೂವತ್ತು ದಿನದಿಂದ ನಿಮಗೆ ಗೊತ್ತಿತ್ತು."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ಹೂಂ ಅನ್ನಲು ತೆರೆದೂ ಇತ್ತು. ಆದರೆ ಲೆಕ್ಕ ತಪ್ಪಾಗಿತ್ತು.

"ಇಲ್ಲ ಅತ್ತಿಗೆ, ಮೂವತ್ತೊಂಬತ್ತು. ನೀವು ಲ್ಯಾಬಿಗೆ ಬಂದ ದಿನದಿಂದ. ನಡುವೆ ಒಂದು ಸಲ ಸೇದಿಬಿಟ್ಟೆ, ಅದಕ್ಕೆ ಮತ್ತೆ ಒಂದರಿಂದ ಎಣಿಸಿದೆ. ತಿಂಗಳ ಕೊನೆಗೆ ಕೆಲಸ ಹೋಗತ್ತೆ ಅಂತ ಗೊತ್ತಿತ್ತು. ಎಣಿಸದೆ ಬಂದಿದ್ರೆ ಉಳೀತಿತ್ತು. ಹೆದರಿಕೆ ಆಗಿ ಬರಲಿಲ್ಲ."

ಸುಣ್ಣಪ್ಪ ತಲೆ ತಗ್ಗಿಸಿ ಪಟ್ಟಿ ಕಟ್ಟಿದ ಕಾಲನ್ನು ನೋಡುತ್ತಿದ್ದರು. ಅತ್ತಿಗೆಯ ಮುಖದಲ್ಲಿ ಏನಿತ್ತೋ ನನಗೆ ಓದಲು ಬರಲಿಲ್ಲ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ, ಬಾಗಿಲನ್ನೂ ಹಾಕಿಕೊಳ್ಳಲಿಲ್ಲ.

"ಆಸ್ಪತ್ರೆಯಿಂದ ಬಂದಾಗಿಂದ ಇವರು ಆ ಕುರ್ಚಿ ಬಿಟ್ಟು ಎದ್ದಿಲ್ಲ" ಎಂದರು, ಕಿಟಕಿಯ ಕಡೆ ಕೈ ತೋರಿಸಿ. "ಮಲಗಿ ಅಂದ್ರೂ ಕೇಳಲ್ಲ. ಬಸ್ಸು ನಿಲ್ಲೋದು ಕಾಣತ್ತಂತೆ ಅಲ್ಲಿಂದ. ನನ್ನ ಸ್ನೇಹಿತ ನೋಡೋಕೆ ಬರ್ತಾನೆ, ಅವನಿಗೆ ಮನೆ ಗೊತ್ತಿಲ್ಲ, ನೋಡಿ ಕೂಗಬೇಕು ಅಂತ. ದಿನಾ."

ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಚಪ್ಪಲಿ ಬಿಡಬೇಕೋ ಬಾರದೋ ತಿಳಿಯದೆ ನಾನು ಹೊಸ್ತಿಲ ಆಚೆಯೇ ನಿಂತಿದ್ದೆ.